ಓದುಗರ ಪ್ರಶ್ನೆ: ಪಟ್ಟಿಯಲ್ಲಿ ಹೆಸರು ಬಂದ ಮೇಲೆ

ಅಮೆರಿಕದಲ್ಲಿ ಟ್ರಕ್ ಸಾಗಣೆಯ ವ್ಯವಹಾರ ನಡೆಸುತ್ತಿರುವ, ಅಲ್ಲಿ ಟ್ರಕ್ ಓಡಿಸುತ್ತಿರುವ ಮತ್ತು ಅಂಥ ಕಂಪನಿಗಳ ಕಚೇರಿಗಳಲ್ಲಿ ದುಡಿಯುತ್ತಿರುವ ಕನ್ನಡಿಗರಿಂದ ಬಂದ ಪತ್ರಗಳು ಈ ಸಲ ಒಂದೇ ವಿಷಯದ ಸುತ್ತ ಇದ್ದುದರಿಂದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ. ವಾಣಿಜ್ಯ ವಾಹನ ಚಾಲಕರಿಗೆ ಮಾಡುವ ಮಾದಕ ವಸ್ತು ಮತ್ತು ಮದ್ಯದ ರ‍್ಯಾಂಡಮ್ ಪರೀಕ್ಷೆ, ಅಂದರೆ ಮುನ್ಸೂಚನೆಯಿಲ್ಲದೆ ಚೀಟಿ ಎತ್ತಿದ ಹಾಗೆ ಹೆಸರು ಆರಿಸಿ ಮಾಡುವ ಪರೀಕ್ಷೆಯೇ ಆ ವಿಷಯ.

ಇದರ ಹಿನ್ನೆಲೆ ರಸ್ತೆಗಿಂತ ಹೆಚ್ಚಾಗಿ ರೈಲು ಹಳಿಯಲ್ಲಿದೆ. 1987ರ ಜನವರಿ 4ರಂದು ಮೇರಿಲ್ಯಾಂಡ್ ರಾಜ್ಯದ ಚೇಸ್ ಎಂಬಲ್ಲಿ ಆಮ್‌ಟ್ರ್ಯಾಕ್ ಪ್ರಯಾಣಿಕ ರೈಲು ಕಾನ್‌ರೇಲ್ ಎಂಜಿನ್‌ಗಳಿಗೆ ಡಿಕ್ಕಿ ಹೊಡೆದು 16 ಜನ ಸತ್ತರು. ಕಾನ್‌ರೇಲ್ ಸಿಬ್ಬಂದಿ ಗಾಂಜಾ ಸೇದಿದ್ದುದು ತನಿಖೆಯಲ್ಲಿ ಹೊರಬಿತ್ತು. ಅಲ್ಲಿಂದ ಎದ್ದ ಚರ್ಚೆ 1991ರ ಅಕ್ಟೋಬರ್‌ನಲ್ಲಿ ಹಲವು ಬಗೆಯ ಸಾರಿಗೆಗಳಲ್ಲಿ ಸುರಕ್ಷತೆಗೆ ಸಂಬಂಧಿಸಿದ ಕೆಲಸ ಮಾಡುವ ನೌಕರರಿಗೆ ಅನ್ವಯಿಸುವ ಕಾನೂನಾಯಿತು. ಟ್ರಕ್ ಚಾಲಕರ ಮಟ್ಟಿಗೆ ಯಾರನ್ನು, ಯಾವಾಗ ಪರೀಕ್ಷಿಸಬೇಕೆಂಬುದನ್ನು ಎಫ್‌ಎಂಸಿಎಸ್‌ಎ ಎಂಬ ಕೇಂದ್ರ ಸಂಸ್ಥೆಯ ನಿಯಮಾವಳಿಯ 382ನೇ ಭಾಗವೂ, ಹೇಗೆ ಪರೀಕ್ಷಿಸಬೇಕೆಂಬುದನ್ನು ಸಾರಿಗೆ ಇಲಾಖೆಯ 40ನೇ ಭಾಗವೂ ಹೇಳುತ್ತವೆ. ಒಂದು ಕಂಪನಿಯಲ್ಲಿ ಹಲವು ವರ್ಷ ಈ ಪರೀಕ್ಷೆಗಳ ಉಸ್ತುವಾರಿ ನೋಡಿಕೊಂಡ ಅನುಭವದಿಂದ ಉತ್ತರಿಸಿದ್ದೇನೆ.

ನಮ್ಮದು 20 ಚಾಲಕರ ಸಣ್ಣ ಕಂಪನಿ. ಈ ತ್ರೈಮಾಸಿಕದ ಪಟ್ಟಿಯಲ್ಲಿ ಬಂದ ಮೂವರಲ್ಲಿ ಒಬ್ಬ ಆ ದಿನ ಲೋಡ್ ಹೊತ್ತು ನ್ಯೂ ಮೆಕ್ಸಿಕೊದಲ್ಲಿದ್ದ. ಮಂಗಳವಾರವೇ ಫೋನ್ ಮಾಡಿ, ಶುಕ್ರವಾರ ವಾಪಸು ಬಂದ ಮೇಲೆ ಟೆಸ್ಟ್ ಕೊಡು ಎಂದು ತಿಳಿಸಿದೆವು. ಕೊಟ್ಟ, ನೆಗೆಟಿವ್ ಬಂತು. ಆದರೂ ಇದು ತಪ್ಪೆಂದು ನಮ್ಮ ಸಲಹೆಗಾರರು ಹೇಳುತ್ತಾರೆ. ಫಲಿತಾಂಶ ಸರಿಯಾಗಿಯೇ ಬಂದಿರುವಾಗ ತಪ್ಪೇನು?
— ಓದುಗರು, ಡಲ್ಲಾಸ್, ಟೆಕ್ಸಾಸ್

ತಪ್ಪು ಶುಕ್ರವಾರದಲ್ಲಿಲ್ಲ, ಮಂಗಳವಾರದಲ್ಲಿದೆ. ಪಟ್ಟಿ ಬಂದ ದಿನವೇ ಎಲ್ಲರನ್ನೂ ಪರೀಕ್ಷೆಗೆ ಕಳಿಸಬೇಕೆಂದು ನಿಯಮ ಹೇಳುವುದಿಲ್ಲ. ಮುಂದಿನ ಆಯ್ಕೆ ನಡೆಯುವುದರೊಳಗೆ ಯಾವ ದಿನ ಬೇಕಾದರೂ ನೀವು ಆರಿಸಿಕೊಳ್ಳಬಹುದು. ಹೆಸರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಅವನು ಶುಕ್ರವಾರ ಯಾರ್ಡಿಗೆ ಬಂದು ಕಾಗದಪತ್ರ ಒಪ್ಪಿಸಿದ ಮೇಲೆ ತಿಳಿಸಿದ್ದರೆ ಯಾರೂ ನಿಮ್ಮನ್ನು ಕೇಳುತ್ತಿರಲಿಲ್ಲ. ಕಾಯಬಹುದು; ಆದರೆ ತಿಳಿಸಿ ಕಾಯುವಂತಿಲ್ಲ. ಒಮ್ಮೆ ಚಾಲಕನಿಗೆ ತಿಳಿಸಿದಿರೆಂದರೆ ಅವನು ತಕ್ಷಣ ಪರೀಕ್ಷಾ ಸ್ಥಳಕ್ಕೆ ಹೊರಡಬೇಕು, ಚಾಲನೆಯಲ್ಲಿದ್ದರೆ ಸುರಕ್ಷಿತವಾದ ಕಡೆ ವಾಹನ ನಿಲ್ಲಿಸಿ ಆದಷ್ಟು ಬೇಗ ತಲುಪಬೇಕು. ಮದ್ಯ ಕೆಲವು ಗಂಟೆಗಳಲ್ಲಿ, ಕೊಕೇನ್ ಮತ್ತು ಆಂಫೆಟಮೈನ್‌ಗಳ ಕುರುಹು ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ದೇಹದಿಂದ ಇಳಿದುಹೋಗುವುದರಿಂದ, ಶುಕ್ರವಾರದ ನೆಗೆಟಿವ್ ಫಲಿತಾಂಶ ಶುಕ್ರವಾರದ ಬಗ್ಗೆ ಮಾತ್ರ ಹೇಳುತ್ತದೆ. ನಿಮ್ಮ ಚಾಲಕ ನಿಜವಾಗಿಯೂ ಸಜ್ಜನನಿರಬಹುದು. ಅದನ್ನು ತೋರಿಸಿಕೊಡುವ ಅವಕಾಶವನ್ನು ನೀವೇ ಅವನಿಂದ ಕಿತ್ತುಕೊಂಡಿರಿ.

ಸುರಕ್ಷತಾ ಆಡಿಟ್‌ಗೆ ಬರುವವರು ನೋಡುವುದು ಎರಡು ಗಡಿಯಾರಗಳನ್ನು. ನಾವು ಚಾಲಕನನ್ನು ಒಳಗೆ ಕರೆದು, ನೋಟಿಸಿನ ಮೇಲೆ ‘ಮಧ್ಯಾಹ್ನ 2.10’ ಎಂದು ಬರೆದು, ಅವನ ಸಹಿ ಹಾಕಿಸಿಕೊಂಡು, ಅಲ್ಲಿಂದಲೇ ಕಳಿಸುತ್ತಿದ್ದೆವು. ಹದಿನೈದು ನಿಮಿಷದ ದಾರಿಯ ಕ್ಲಿನಿಕ್ಕಿನ ಫಾರಂನಲ್ಲಿ 2.40 ಎಂದಿದ್ದರೆ ಕಥೆ ಅಲ್ಲಿಗೆ ಮುಗಿಯಿತು, 5.55 ಎಂದಿದ್ದರೆ ನಡುವಿನ ಮೂರು ಗಂಟೆ ಎಲ್ಲಿ ಹೋಯಿತೆಂಬುದಕ್ಕೆ ಉತ್ತರ ಸಿದ್ಧವಿರಬೇಕು. ನಿಮ್ಮ ಕಡತದಲ್ಲಿ ಈಗ ಇರುವ ಅಂತರ ಮೂರು ದಿನದ್ದು. ಆ ಕಾಗದವನ್ನು ತಿದ್ದುವ ಯೋಚನೆಯನ್ನೂ ಮಾಡಬೇಡಿ. ನಡೆದದ್ದನ್ನು ನಡೆದಂತೆ ಒಂದು ಪುಟದಲ್ಲಿ ಬರೆದು, ಇನ್ನು ಮುಂದೆ ಅನುಸರಿಸುವ ಕ್ರಮವನ್ನೂ ಅದರಲ್ಲೇ ಸೇರಿಸಿ, ತಾರೀಕು ಹಾಕಿ ಇಡಿ.

ಇನ್ನೊಂದು ಮಾತು. ತಿಳಿಸುವ ಕೆಲಸವನ್ನು ಡಿಸ್ಪ್ಯಾಚರ್‌ಗೆ ಕೊಡಬೇಡಿ. ನಿಯಮದಲ್ಲಿ ಇದಕ್ಕೆಂದೇ ಡಿಇಆರ್ ಎಂಬ ಹೊಣೆಗಾರರಿದ್ದಾರೆ. ಕಂಪನಿಯ ಪರವಾಗಿ ಫಲಿತಾಂಶ ಪಡೆಯುವವರೂ, ಚಾಲಕನನ್ನು ಕೆಲಸದಿಂದ ತಕ್ಷಣ ಇಳಿಸುವ ಅಧಿಕಾರ ಇರುವವರೂ ಅವರೇ. ಡಿಸ್ಪ್ಯಾಚರ್‌ಗೆ ಲೋಡ್ ಸಮಯಕ್ಕೆ ಮುಟ್ಟುವುದು ಮುಖ್ಯ, ಅದು ಅವರ ಕೆಲಸ. ಹಾಗಾಗಿ ‘ಈ ಲೋಡ್ ಒಂದು ಇಳಿಸಿ ಹೋಗು’ ಎಂಬ ಮಾತು ಅವರ ಬಾಯಿಂದ ಸಲೀಸಾಗಿ ಬಂದುಬಿಡುತ್ತದೆ. ಮದ್ಯದ ಪರೀಕ್ಷೆಯನ್ನಂತೂ ಚಾಲನೆಯ ಕೆಲಸಕ್ಕೆ ತುಸು ಮೊದಲು, ಕೆಲಸದ ನಡುವೆ, ಇಲ್ಲವೇ ಕೆಲಸ ಮುಗಿದ ಕೂಡಲೇ ಮಾತ್ರ ಮಾಡಬಹುದು. ಪರೀಕ್ಷೆಗೆ ಹೋಗಿ ಬರುವ ಸಮಯವೆಲ್ಲ ಕರ್ತವ್ಯದ ಸಮಯವೆಂದೇ ಲಾಗ್‌ನಲ್ಲಿ ದಾಖಲಾಗಬೇಕು. ಇದನ್ನು ವಿಶ್ರಾಂತಿಯೆಂದು ಬರೆದು ಇನ್ನೊಂದು ಉಲ್ಲಂಘನೆ ಮೈಮೇಲೆ ಎಳೆದುಕೊಂಡವರು ಬೇಕಾದಷ್ಟು ಜನರಿದ್ದಾರೆ.

ಒಂದೇ ವರ್ಷದಲ್ಲಿ ನನ್ನ ಪತಿಯವರ ಹೆಸರು ಮೂರು ಸಲ ಬಂದಿದೆ. ಅದೇ ಕಂಪನಿಯಲ್ಲಿ ಎರಡು ವರ್ಷದಿಂದ ಒಂದು ಸಲವೂ ಕರೆಯದ ಚಾಲಕರಿದ್ದಾರೆ. ಮೇಲಧಿಕಾರಿಯ ಜೊತೆ ಅವರಿಗೆ ಅಷ್ಟೇನೂ ಸರಿ ಇಲ್ಲ. ಇದು ಬೇಕೆಂದೇ ಮಾಡಿದ್ದಲ್ಲವೇ?
— ಓದುಗರು, ಫ್ರೆಸ್ನೊ, ಕ್ಯಾಲಿಫೋರ್ನಿಯಾ

ನಿಮ್ಮ ಅನುಮಾನ ಸಹಜ, ಆದರೆ ಲೆಕ್ಕ ಬೇರೆ ಹೇಳುತ್ತದೆ. 2020ರ ಜನವರಿ 1ರಿಂದ ಮಾದಕ ವಸ್ತು ಪರೀಕ್ಷೆಯ ಕನಿಷ್ಠ ವಾರ್ಷಿಕ ಪ್ರಮಾಣ ಚಾಲಕರ ಸರಾಸರಿ ಸಂಖ್ಯೆಯ ಶೇಕಡಾ 50. ಅದಕ್ಕೆ ಮೊದಲು 25 ಇತ್ತು. ಮದ್ಯದ ಪರೀಕ್ಷೆಯ ಪ್ರಮಾಣ ಶೇಕಡಾ 10. ಶೇಕಡಾ 50 ಎಂದ ಕೂಡಲೇ ಅರ್ಧದಷ್ಟು ಚಾಲಕರಿಗೆ ಒಂದೊಂದು ಸಲ ಬರುತ್ತದೆ ಎಂದು ಎಲ್ಲರೂ ತಿಳಿಯುತ್ತಾರೆ. ಹಾಗಲ್ಲ. ಪ್ರತಿ ಆಯ್ಕೆಯಲ್ಲೂ ಪ್ರತಿ ಹೆಸರಿಗೂ ಸಮಾನ ಅವಕಾಶವಿರಬೇಕಾದ್ದರಿಂದ, ಕಳೆದ ಸಲ ಬಂದ ಹೆಸರನ್ನು ಮತ್ತೆ ಡಬ್ಬಿಯೊಳಗೆ ಹಾಕಿಯೇ ಎತ್ತಬೇಕು.

ಮೂರು ತಿಂಗಳಿಗೊಮ್ಮೆ ಎಂಟರಲ್ಲಿ ಒಬ್ಬರಂತೆ ಎತ್ತುತ್ತಾರೆಂದು ಇಟ್ಟುಕೊಳ್ಳಿ. ನಾಲ್ಕೂ ಸಲ ತಪ್ಪಿಸಿಕೊಳ್ಳುವ ಸಂಭವ ಎಂಟರಲ್ಲಿ ಏಳನ್ನು ನಾಲ್ಕು ಸಲ ಗುಣಿಸಿದಷ್ಟು, ಅಂದರೆ ಸುಮಾರು ಶೇಕಡಾ 59. ನೂರು ಚಾಲಕರಲ್ಲಿ ಸುಮಾರು 59 ಜನರಿಗೆ ಇಡೀ ವರ್ಷ ಕರೆಯೇ ಬರುವುದಿಲ್ಲ, 33 ಜನರಿಗೆ ಒಂದು ಸಲ, ಉಳಿದ ಏಳೆಂಟು ಜನರಿಗೆ ಎರಡು ಅಥವಾ ಹೆಚ್ಚು ಸಲ ಬರುತ್ತದೆ. ಮೂರು ಅಥವಾ ಹೆಚ್ಚು ಸಲ ಬರುವ ಸಂಭವ ಸಾವಿರಕ್ಕೆ ಏಳು. ಅಪರೂಪ ಹೌದು, ಅಸಂಭವವಲ್ಲ. ದೊಡ್ಡ ಕಂಪನಿಯಾದರೆ ಪ್ರತಿ ವರ್ಷ ಯಾರೋ ಒಬ್ಬರು ಅಂಥವರಿರುತ್ತಾರೆ, ಮತ್ತು ಆ ಒಬ್ಬರ ಮನೆಯವರಿಗೆ ನಿಮ್ಮ ಹಾಗೆಯೇ ಅನ್ನಿಸುತ್ತದೆ.

ಆದರೂ ಕೇಳುವ ಹಕ್ಕು ನಿಮ್ಮ ಪತಿಯವರಿಗಿದೆ. ಆಯ್ಕೆ ಕಂಪ್ಯೂಟರಿನ ಯಾದೃಚ್ಛಿಕ ಸಂಖ್ಯೆಯಂಥ ವೈಜ್ಞಾನಿಕ ವಿಧಾನದಿಂದಲೇ ನಡೆಯಬೇಕು. ಮೇಲಧಿಕಾರಿ ಕಣ್ಣು ಮುಚ್ಚಿ ಬೆರಳಿಟ್ಟರೂ ಅದು ನಿಯಮಕ್ಕೆ ಸಲ್ಲುವುದಿಲ್ಲ. ಹೊರಗಿನ ಸಂಸ್ಥೆಯಿಂದ ಬಂದ ಮೂಲ ಪಟ್ಟಿಯಲ್ಲಿ ಆ ಮೂರು ತಾರೀಕುಗಳಿಗೂ ತಮ್ಮ ಹೆಸರಿತ್ತೇ ಎಂದು ಅವರು ಡಿಇಆರ್ ಅವರನ್ನು ಲಿಖಿತವಾಗಿ ಕೇಳಲಿ. ಒಂದಕ್ಕೆ ಪಟ್ಟಿ ಇಲ್ಲದಿದ್ದರೆ ಆಗ ಪ್ರಶ್ನೆ ಬೇರೆಯಾಗುತ್ತದೆ.

ನನ್ನದು ಒಂದೇ ಟ್ರಕ್, ನಾನೇ ಮಾಲೀಕ, ನಾನೇ ಚಾಲಕ. ನನ್ನನ್ನು ನಾನೇ ಮುನ್ಸೂಚನೆಯಿಲ್ಲದೆ ಪರೀಕ್ಷೆಗೆ ಕರೆಯುವುದು ಹೇಗೆ?
— ಓದುಗರು, ಜೋಲಿಯೆಟ್, ಇಲಿನಾಯ್

ಒಂದೇ ಹೆಸರಿನ ಡಬ್ಬಿಯಿಂದ ಚೀಟಿ ಎತ್ತಿದರೆ ಅದು ಆಯ್ಕೆಯಾಗುವುದಿಲ್ಲ. ಅದಕ್ಕಾಗಿಯೇ, ತನ್ನನ್ನು ತಾನೇ ಕೆಲಸಕ್ಕಿಟ್ಟುಕೊಂಡಿರುವ ಚಾಲಕ ಇಬ್ಬರು ಅಥವಾ ಹೆಚ್ಚು ಚಾಲಕರಿರುವ ಒಂದು ರ‍್ಯಾಂಡಮ್ ಗುಂಪಿಗೆ ಸೇರಲೇಬೇಕೆಂದು ನಿಯಮವಿದೆ. ಇಂಥ ಗುಂಪುಗಳನ್ನು ನಡೆಸುವ ಸಂಸ್ಥೆಗಳನ್ನು ಕನ್ಸಾರ್ಟಿಯಂ ಎನ್ನುತ್ತಾರೆ. ನೀವು ವಾರ್ಷಿಕ ಶುಲ್ಕ ಕಟ್ಟುತ್ತೀರಿ, ನೂರಾರು ಒಂಟಿ ಟ್ರಕ್ಕಿನವರ ಹೆಸರಿನ ಜೊತೆ ನಿಮ್ಮದೂ ಸೇರುತ್ತದೆ, ಕರೆ ಅವರಿಂದ ಬರುತ್ತದೆ. ಶೇಕಡಾ 50ರ ಲೆಕ್ಕ ಇಡೀ ಗುಂಪಿಗೆ ಅನ್ವಯಿಸುವುದರಿಂದ ಒಂದು ವರ್ಷ ಪೂರ್ತಿ ನಿಮಗೆ ಕರೆ ಬಾರದೆಯೂ ಹೋಗಬಹುದು. ಸದಸ್ಯತ್ವದ ಪ್ರಮಾಣಪತ್ರವೂ ಆಯ್ಕೆಯ ದಾಖಲೆಗಳೂ ಕೈಯಲ್ಲಿದ್ದರೆ ಅದರಲ್ಲಿ ದೋಷವೇನೂ ಇಲ್ಲ.

ಬಹಳ ಜನ ಮರೆಯುವುದು ಇನ್ನೊಂದು ಹೆಜ್ಜೆಯನ್ನು. 2020ರ ಜನವರಿ 6ರಿಂದ ನಡೆಯುತ್ತಿರುವ ಕ್ಲಿಯರಿಂಗ್‌ಹೌಸ್ ಎಂಬ, ಚಾಲಕರ ಉಲ್ಲಂಘನೆಗಳ ಕೇಂದ್ರ ದಾಖಲೆ ವ್ಯವಸ್ಥೆಯಲ್ಲಿ ನೀವು ಚಾಲಕರೆಂದಷ್ಟೇ ಅಲ್ಲ, ಮಾಲೀಕರೆಂದೂ ನೋಂದಾಯಿಸಿಕೊಂಡು, ನಿಮ್ಮ ಕನ್ಸಾರ್ಟಿಯಂ ಯಾವುದೆಂದು ಅಲ್ಲಿ ಗೊತ್ತುಪಡಿಸಬೇಕು. ವರ್ಷಕ್ಕೊಮ್ಮೆ ನಿಮ್ಮದೇ ದಾಖಲೆಯನ್ನು ವಿಚಾರಿಸಿ ನೋಡಬೇಕು. ಪ್ರತಿ ವಿಚಾರಣೆಗೆ ಒಂದೂಕಾಲು ಡಾಲರ್. ಕೇಳಲು ಹಾಸ್ಯಾಸ್ಪದವೆನಿಸಿದರೂ ಅದು ನಿಯಮ. ಇನ್ನು ನೀವು ಬೇರೊಂದು ಕಂಪನಿಗೆ ಟ್ರಕ್ಕನ್ನು ಲೀಸಿಗೆ ಕೊಟ್ಟು ಅವರ ಪರವಾನಗಿಯಡಿ ಓಡಿಸುತ್ತಿದ್ದರೆ, ಆ ಮಟ್ಟಿಗೆ ನೀವು ಅವರ ಪಟ್ಟಿಯ ಚಾಲಕರು.

ನಾನಿರುವ ರಾಜ್ಯದಲ್ಲಿ ಗಾಂಜಾ ಕಾನೂನುಬದ್ಧ. ಮೊಣಕಾಲು ನೋವಿಗೆ ರಾತ್ರಿ, ಗಾಂಜಾ ಜಾತಿಯ ಗಿಡದಿಂದ ತೆಗೆದ ಸಿಬಿಡಿ ಎಣ್ಣೆ ಬಳಸುತ್ತೇನೆ, ಅದರಲ್ಲಿ ಮತ್ತು ಬರಿಸುವ ಅಂಶ ಇಲ್ಲವೆಂದು ಬಾಟಲಿಯ ಮೇಲೆಯೇ ಬರೆದಿದೆ. ತೊಂದರೆ ಇದೆಯೇ?
— ಓದುಗರು, ಡೆನ್ವರ್, ಕೊಲೊರಾಡೊ

ಇದೆ. ರಾಜ್ಯದ ಕಾನೂನು ನಿಮ್ಮನ್ನು ಜೈಲಿನಿಂದ ಕಾಪಾಡಬಹುದು, ಸಿಡಿಎಲ್, ಅಂದರೆ ವಾಣಿಜ್ಯ ವಾಹನ ಓಡಿಸುವ ಲೈಸೆನ್ಸ್, ಕಳೆದುಕೊಳ್ಳುವುದರಿಂದ ಕಾಪಾಡುವುದಿಲ್ಲ. ಈ ಪರೀಕ್ಷೆ ಕೇಂದ್ರ ಸರ್ಕಾರದ್ದು. ಗಾಂಜಾ ಖರೀದಿಗೆ ನಿಮ್ಮ ರಾಜ್ಯ ಕೊಟ್ಟ ಅನುಮತಿಯಾಗಲಿ, ವೈದ್ಯರು ಬರೆದುಕೊಟ್ಟ ಗಾಂಜಾ ಶಿಫಾರಸಾಗಲಿ ಇಲ್ಲಿ ನಡೆಯುವುದಿಲ್ಲ. ಫಲಿತಾಂಶವನ್ನು ಪರಿಶೀಲಿಸುವ ಎಂಆರ್‌ಒ, ಅಂದರೆ ಅದಕ್ಕೆಂದೇ ಅರ್ಹತೆ ಪಡೆದ ವೈದ್ಯರು, ಇವುಗಳನ್ನು ಕಾರಣವೆಂದು ಒಪ್ಪುವಂತಿಲ್ಲ.

ಸಿಬಿಡಿ ವಿಷಯ ಇದಕ್ಕಿಂತ ಮೋಸದ್ದು. ಪ್ರಯೋಗಾಲಯ ಹುಡುಕುವುದು ಸಿಬಿಡಿಯನ್ನಲ್ಲ, ಗಾಂಜಾದಲ್ಲಿ ಮತ್ತು ಬರಿಸುವ ಅಂಶವಾದ ಟಿಎಚ್‌ಸಿಯ ಕುರುಹನ್ನು. 2018ರ ಕೃಷಿ ಕಾಯ್ದೆಯ ಪ್ರಕಾರ ಶೇಕಡಾ 0.3ರವರೆಗೆ ಟಿಎಚ್‌ಸಿ ಇರುವ ಗಾಂಜಾ ಜಾತಿಯದೇ ಆದ ಹೆಂಪ್ ಗಿಡ ಕಾನೂನುಬದ್ಧವಾಯಿತು; ಆದರೆ ನೀವು ಕೊಂಡ ಬಾಟಲಿಯಲ್ಲಿ ನಿಜಕ್ಕೂ ಎಷ್ಟಿದೆಯೆಂದು ಸರ್ಕಾರದ ಯಾವ ಸಂಸ್ಥೆಯೂ ಅಳೆದು ಮುದ್ರೆ ಒತ್ತಿಲ್ಲ. ಸಾರಿಗೆ ಇಲಾಖೆ 2020ರ ಫೆಬ್ರುವರಿಯಲ್ಲೇ ಈ ಬಗ್ಗೆ ಪ್ರಕಟಣೆ ಹೊರಡಿಸಿ, ಸಿಬಿಡಿ ಬಳಸಿದ್ದೆನೆಂಬ ಸಮಜಾಯಿಷಿಯನ್ನು ಒಪ್ಪುವುದಿಲ್ಲವೆಂದು ಸ್ಪಷ್ಟಪಡಿಸಿದೆ. ದಿನವೂ ಬಳಸುವವರ ದೇಹದಲ್ಲಿ ಟಿಎಚ್‌ಸಿಯ ಕುರುಹು ವಾರಗಟ್ಟಲೆ ಉಳಿಯಬಹುದಾದ್ದರಿಂದ ‘ರಾತ್ರಿ ಮಾತ್ರ’ ಎಂಬುದಕ್ಕೂ ಅರ್ಥವಿಲ್ಲ.

ಮೊಣಕಾಲಿಗೆ ಬೇರೆ ದಾರಿ ನೋಡಿ. ನೀವು ಏನು ಓಡಿಸುತ್ತೀರಿ, ಎಷ್ಟು ಹೊತ್ತು ಓಡಿಸುತ್ತೀರಿ ಎಂಬುದನ್ನು ವೈದ್ಯರಿಗೆ ಬಿಡಿಸಿ ಹೇಳಿ, ಚಾಲನೆಗೆ ಬಾಧೆಯಿಲ್ಲದ ಔಷಧಿಯನ್ನು ಬರೆಸಿಕೊಂಡು, ಅದನ್ನು ಬರಹದಲ್ಲೇ ಪಡೆದಿಟ್ಟುಕೊಳ್ಳಿ. ಎಂಆರ್‌ಒ ಫೋನ್ ಮಾಡುವ ದಿನ ಬಂದರೆ ಆ ಚೀಟಿಗೆ ಬೆಲೆ ಇರುತ್ತದೆ.

ಹಬ್ಬಕ್ಕೆ ಮನೆಯಲ್ಲಿ ಗಸಗಸೆ ಪಾಯಸ ಮಾಡಿದ್ದರು. ಮರುದಿನವೇ ರ‍್ಯಾಂಡಮ್ ಕರೆ ಬಂತು. ನನಗೆ ಎದೆ ಹೊಡೆದುಕೊಳ್ಳುತ್ತಿದೆ.
— ಓದುಗರು, ಎಡಿಸನ್, ನ್ಯೂಜೆರ್ಸಿ

ಈ ಭಯ ತಮಾಷೆಯಲ್ಲ. ಗಸಗಸೆ ಅಫೀಮಿನ ಗಿಡದ ಬೀಜವೇ. ಬೀಜದ ಮೇಲೆ ಉಳಿದಿರುವ ಮಾರ್ಫಿನ್ ಮತ್ತು ಕೊಡೀನ್ ಮೂತ್ರದಲ್ಲಿ ಕಾಣಿಸಿಕೊಳ್ಳುವುದು ನಿಜ. ಬ್ರೆಡ್ಡಿನ ಮೇಲೆ ಉದುರಿಸಿದ ನಾಲ್ಕು ಕಾಳಿಗೂ ಅರೆದು ಲೋಟದ ತುಂಬ ಕುಡಿಯುವ ಪಾಯಸಕ್ಕೂ ಇರುವ ವ್ಯತ್ಯಾಸ ನಮಗೆ ಗೊತ್ತು, ಕ್ಲಿನಿಕ್ಕಿನವರಿಗೆ ಗೊತ್ತಿರುವುದಿಲ್ಲ. ಆಹಾರದ ಈ ಗೊಂದಲ ತಪ್ಪಲೆಂದೇ ಓಪಿಯೇಟ್ ಪತ್ತೆಯ ಮಿತಿಯನ್ನು 1998ರ ಡಿಸೆಂಬರ್‌ನಲ್ಲಿ ಮಿಲಿಲೀಟರಿಗೆ 300 ನ್ಯಾನೊಗ್ರಾಂನಿಂದ 2,000ಕ್ಕೆ ಏರಿಸಲಾಯಿತು. ಅದನ್ನೂ ದಾಟಿ ಮಾರ್ಫಿನ್ ಅಥವಾ ಕೊಡೀನ್ ಸಿಕ್ಕಿದರೂ, ಪ್ರಮಾಣ 15,000ಕ್ಕಿಂತ ಕಡಿಮೆಯಿದ್ದು ಹೆರಾಯಿನ್‌ನ ನಿರ್ದಿಷ್ಟ ಕುರುಹು ಇಲ್ಲದಿದ್ದರೆ, ದುರ್ಬಳಕೆಗೆ ವೈದ್ಯಕೀಯ ಸಾಕ್ಷ್ಯವಿಲ್ಲದೆ ಎಂಆರ್‌ಒ ಅದನ್ನು ಪಾಸಿಟಿವ್ ಎಂದು ಘೋಷಿಸುವಂತಿಲ್ಲ. 15,000 ತಲುಪಿದರೆ ಮಾತ್ರ ಗಸಗಸೆ ತಿಂದೆನೆಂಬ ಉತ್ತರಕ್ಕೆ ನಿಯಮದಲ್ಲೇ ಜಾಗವಿಲ್ಲ.

ಹಾಗಾಗಿ ಎಂಆರ್‌ಒ ಕರೆದರೆ ಫೋನ್ ಎತ್ತಿ, ಇದ್ದದ್ದನ್ನು ಇದ್ದಂತೆ ಹೇಳಿ. ಗುರುತಿಲ್ಲದ ನಂಬರೆಂದು ಎತ್ತದೆ ಬಿಡುವುದು ಪಾಯಸಕ್ಕಿಂತ ಅಪಾಯಕಾರಿ. ಮುಂದಿನ ಹಬ್ಬಕ್ಕೆ ನನ್ನ ಸಲಹೆ ನಿಮಗೆ ರುಚಿಸಲಾರದು: ಅಮೆರಿಕದ ರಕ್ಷಣಾ ಇಲಾಖೆ 2023ರ ಫೆಬ್ರುವರಿಯಲ್ಲಿ ತನ್ನ ಸೈನಿಕರಿಗೆ ಗಸಗಸೆಯಿಂದ ದೂರವಿರಿ ಎಂದು ಹೇಳಿತು. ಟ್ರಕ್ ಓಡಿಸುವವರೆಗೆ ನೀವೂ ಶ್ಯಾವಿಗೆ ಪಾಯಸಕ್ಕೆ ಹೊಂದಿಕೊಳ್ಳುವುದು ಲೇಸು.

ಹೊಸದಾಗಿ ಸಿಡಿಎಲ್ ಪಡೆದಿದ್ದೇನೆ. ಬೇರೆಯವರ ಎದುರು ಮೂತ್ರ ಕೊಡಬೇಕೆಂದು ಸಹೋದ್ಯೋಗಿಗಳು ಹೆದರಿಸುತ್ತಿದ್ದಾರೆ. ನನಗೆ ಸಂಕೋಚ ಜಾಸ್ತಿ. ಬಾರದಿದ್ದರೆ ಏನು ಮಾಡುವುದು?
— ಓದುಗರು, ಇಂಡಿಯಾನಾಪೊಲಿಸ್

ನಿಮ್ಮ ಸಹೋದ್ಯೋಗಿಗಳು ಅರ್ಧ ಸತ್ಯ ಹೇಳಿದ್ದಾರೆ. ಸಾಮಾನ್ಯ ರ‍್ಯಾಂಡಮ್ ಪರೀಕ್ಷೆಯಲ್ಲಿ ಬಾಗಿಲು ಮುಚ್ಚಿರುತ್ತದೆ, ಒಳಗೆ ನೀವೊಬ್ಬರೇ. ಗುರುತಿನ ಚೀಟಿ ತೋರಿಸುತ್ತೀರಿ, ಜಾಕೆಟ್ ಮತ್ತು ಟೋಪಿ ಹೊರಗಿಡುತ್ತೀರಿ, ಜೇಬು ಖಾಲಿ ಮಾಡಿ ತೋರಿಸುತ್ತೀರಿ, ಪರ್ಸ್ ಇಟ್ಟುಕೊಳ್ಳಬಹುದು. ಕೈ ತೊಳೆಸುತ್ತಾರೆ. ಒಳಗಿನ ಕಮೋಡಿನ ನೀರು ನೀಲಿಯಾಗಿರುತ್ತದೆ, ಅದರಿಂದ ನೀರು ಬೆರೆಸುವಂತಿಲ್ಲವೆಂಬುದು ಅದರರ್ಥ, ಫ್ಲಶ್ ಮಾಡಬೇಡಿ. ಕಪ್ಪಿನಲ್ಲಿ ಕನಿಷ್ಠ 45 ಮಿಲಿಲೀಟರ್ ಬೇಕು. ಹೊರಗೆ ತಂದುಕೊಟ್ಟ ನಾಲ್ಕು ನಿಮಿಷದೊಳಗೆ ಅದರ ಶಾಖ ನೋಡುತ್ತಾರೆ, ಅದು 90ರಿಂದ 100 ಡಿಗ್ರಿ ಫ್ಯಾರನ್‌ಹೀಟ್ ನಡುವೆ ಇರಬೇಕು. ನಂತರ ನಿಮ್ಮ ಕಣ್ಣೆದುರೇ 30 ಮಿಲಿಲೀಟರ್ ಒಂದು ಸೀಸೆಗೆ, 15 ಇನ್ನೊಂದಕ್ಕೆ ಸುರಿದು, ಮೊಹರಿನ ಪಟ್ಟಿ ಅಂಟಿಸಿ, ಅದರ ಮೇಲೆ ನಿಮ್ಮ ಹೆಸರಿನ ಮೊದಲಕ್ಷರ ಹಾಕಿಸುತ್ತಾರೆ. ಆ ಪಟ್ಟಿ ಅಂಟುವವರೆಗೆ ಸೀಸೆಯಿಂದ ಕಣ್ಣು ಕೀಳಬೇಡಿ. ಎರಡನೆಯ ಸೀಸೆ ನಿಮ್ಮ ರಕ್ಷಣೆಗಿರುವುದು: ಮೊದಲನೆಯದು ಪಾಸಿಟಿವ್ ಎಂದು ಎಂಆರ್‌ಒ ತಿಳಿಸಿದ 72 ಗಂಟೆಯೊಳಗೆ ಕೇಳಿದರೆ ಅದನ್ನು ಬೇರೆ ಪ್ರಯೋಗಾಲಯದಲ್ಲಿ ಪರೀಕ್ಷಿಸಲೇಬೇಕು.

ಎದುರಿಗೆ ನಿಂತು ನೋಡುವ ಪದ್ಧತಿ ಇರುವುದು ಶಾಖ ಮಿತಿಯೊಳಗಿಲ್ಲದಾಗ, ಮಾದರಿ ತಿದ್ದಿದ ಅನುಮಾನವಿದ್ದಾಗ, ಅಥವಾ ಒಮ್ಮೆ ಉಲ್ಲಂಘಿಸಿದವರು ಕೆಲಸಕ್ಕೆ ಮರಳುವಾಗ. ಬಾರದಿದ್ದರೆ ಮೂರು ಗಂಟೆಯವರೆಗೆ ಅವಕಾಶವಿದೆ. ಆ ಅವಧಿಯಲ್ಲಿ 40 ಔನ್ಸ್‌ವರೆಗೆ, ಅಂದರೆ ಸುಮಾರು 1.2 ಲೀಟರ್ ನೀರು ಕುಡಿಯಬಹುದು. ಆಗಲೂ ಆಗದಿದ್ದರೆ ಐದು ಕೆಲಸದ ದಿನಗಳೊಳಗೆ ವೈದ್ಯರ ತಪಾಸಣೆಗೆ ಕಳಿಸುತ್ತಾರೆ, ವೈದ್ಯಕೀಯ ಕಾರಣ ಸಿಗದಿದ್ದರೆ ಅದು ನಿರಾಕರಣೆಯಾಗುತ್ತದೆ. ಮಾಡಬಾರದ ಒಂದೇ ಕೆಲಸವೆಂದರೆ, ಬೇಸತ್ತು ಎದ್ದು ಹೋಗುವುದು. ಹೋದರೆ ಅದೂ ನಿರಾಕರಣೆ, ಮತ್ತು ನಿರಾಕರಣೆಗೆ ಪಾಸಿಟಿವ್‌ನಷ್ಟೇ ಶಿಕ್ಷೆ.

ಮದ್ಯದ ಪರೀಕ್ಷೆ ಉಸಿರಿನದು, ಸುಲಭ. ಓದು 0.02 ಅಥವಾ ಹೆಚ್ಚು ಬಂದರೆ ಕನಿಷ್ಠ 15 ನಿಮಿಷ ಬಿಟ್ಟು ಎರಡನೆಯ ಸಲ ಊದಿಸುತ್ತಾರೆ. ಆಗಲೂ 0.02ರಿಂದ 0.039ರೊಳಗೆ ಇದ್ದರೆ 24 ಗಂಟೆ ಚಾಲನೆ ಇಲ್ಲ, 0.04 ಮುಟ್ಟಿದರೆ ಉಲ್ಲಂಘನೆ.

ಹಿಂದಿನ ಕಂಪನಿಯಲ್ಲಿ ಒಮ್ಮೆ ಪಾಸಿಟಿವ್ ಬಂದಿತ್ತು. ಅಲ್ಲಿ ಕೆಲಸ ಬಿಟ್ಟು ಬೇರೆ ರಾಜ್ಯಕ್ಕೆ ಬಂದಿದ್ದೇನೆ. ಹೊಸ ಕಡೆ ಹೇಳಲೇಬೇಕೆ?
— ಹೆಸರು, ಊರು ಬೇಡವೆಂದಿದ್ದಾರೆ

ನೀವು ಹೇಳದಿದ್ದರೂ ಅವರಿಗೆ ತಿಳಿಯುತ್ತದೆ. ಹೊಸ ಕಂಪನಿ ನಿಮ್ಮನ್ನು ಟ್ರಕ್ ಹತ್ತಿಸುವ ಮೊದಲು ಕ್ಲಿಯರಿಂಗ್‌ಹೌಸ್‌ನಲ್ಲಿ ಪೂರ್ಣ ವಿಚಾರಣೆ ಮಾಡಲೇಬೇಕು, ಅದಕ್ಕೆ ನಿಮ್ಮ ಒಪ್ಪಿಗೆ ಬೇಕು; ಒಪ್ಪಿಗೆ ಕೊಡದಿದ್ದರೆ ಓಡಿಸುವಂತಿಲ್ಲ, ಕೊಟ್ಟರೆ ದಾಖಲೆ ಕಾಣುತ್ತದೆ. ಇದಕ್ಕಿಂತ ದೊಡ್ಡ ಸಂಗತಿಯೆಂದರೆ, 2024ರ ನವೆಂಬರ್ 18ರಿಂದ ಉಲ್ಲಂಘನೆಯ ಕಾರಣ ಕ್ಲಿಯರಿಂಗ್‌ಹೌಸ್‌ನಲ್ಲಿ ‘ನಿಷೇಧಿತ’ ಸ್ಥಿತಿಯಲ್ಲಿರುವ ಚಾಲಕರ ಸಿಡಿಎಲ್ ಅನ್ನು ಆಯಾ ರಾಜ್ಯವೇ ಕೆಳದರ್ಜೆಗೆ ಇಳಿಸಬೇಕು. ರಾಜ್ಯ ಬದಲಿಸಿದರೂ ಇದು ಬೆನ್ನು ಬಿಡುವುದಿಲ್ಲ. ನಿಮ್ಮ ಲೈಸೆನ್ಸ್ ಈಗಾಗಲೇ ಇಳಿದಿರಬಹುದು, ಮೊದಲು ಅದನ್ನು ನೋಡಿಕೊಳ್ಳಿ.

ದಾರಿ ಇದೆ, ಉದ್ದವಾಗಿದೆ. ಎಸ್‌ಎಪಿ ಎಂಬ ಅರ್ಹ ಸಲಹಾತಜ್ಞರನ್ನು ಕಾಣಬೇಕು. ಅವರು ಹೇಳಿದ ಚಿಕಿತ್ಸೆ ಅಥವಾ ತರಬೇತಿ ಮುಗಿಸಬೇಕು. ಅವರು ಎರಡನೆಯ ಸಲ ನೋಡಿ ಒಪ್ಪಿದ ಮೇಲೆ, ಎದುರಿಗೆ ನಿಂತು ಪಡೆಯುವ ಮಾದರಿಯ ಪರೀಕ್ಷೆಯಲ್ಲಿ ನೆಗೆಟಿವ್ ಬರಬೇಕು. ಆಗ ಚಾಲನೆಗೆ ಮರಳಬಹುದು. ನಂತರದ 12 ತಿಂಗಳಲ್ಲಿ ಕನಿಷ್ಠ ಆರು ಅನುಸರಣಾ ಪರೀಕ್ಷೆಗಳಿರುತ್ತವೆ, ತಜ್ಞರು ಬಯಸಿದರೆ ಐದು ವರ್ಷದವರೆಗೂ ಮುಂದುವರಿಸಬಹುದು. ಇವು ರ‍್ಯಾಂಡಮ್ ಪರೀಕ್ಷೆಗೆ ಹೊರತು, ಅದರ ಬದಲಿಗಲ್ಲ. ಕಂಪನಿ ಬದಲಿಸಿದರೆ ಈ ಬಾಕಿಯೂ ಜೊತೆಗೇ ಹೋಗುತ್ತದೆ. ದಾಖಲೆ ಐದು ವರ್ಷ, ಅಥವಾ ಅನುಸರಣೆ ಮುಗಿಯುವವರೆಗೆ, ಯಾವುದು ತಡವೋ ಅಲ್ಲಿಯವರೆಗೆ ಉಳಿಯುತ್ತದೆ. ಇಷ್ಟೆಲ್ಲ ಮಾಡಿದರೂ ನಿಮ್ಮನ್ನು ಸೇರಿಸಿಕೊಳ್ಳಲೇಬೇಕೆಂಬ ಕಟ್ಟುಪಾಡು ಯಾವ ಕಂಪನಿಗೂ ಇಲ್ಲ. ಆದರೆ ಎಲ್ಲ ಹೆಜ್ಜೆ ಮುಗಿಸಿ, ತಾವಾಗಿಯೇ ಹೇಳಿಕೊಂಡು ಬಂದ ಇಬ್ಬರನ್ನು ನಾನು ಸೇರಿಸಿಕೊಂಡಿದ್ದೆ. ಇಬ್ಬರೂ ನಮ್ಮಲ್ಲಿ ಬಹಳ ವರ್ಷ ಓಡಿಸಿದರು.

ಹೊಸ ಕಂಪನಿ ತೆರೆದು ಎಂಟು ತಿಂಗಳಾಯಿತು, ಸುರಕ್ಷತಾ ಆಡಿಟ್‌ನ ಪತ್ರ ಬಂದಿದೆ. ನಿಷ್ಪಕ್ಷಪಾತವಾಗಿರಲೆಂದು ಕಚೇರಿಯ 10 ಜನರನ್ನೂ 14 ಚಾಲಕರ ಜೊತೆ ಒಂದೇ ಪಟ್ಟಿಯಲ್ಲಿ ಸೇರಿಸಿದ್ದೇವೆ. ಇದು ಒಳ್ಳೆಯದೇ ಅಲ್ಲವೇ?
— ಓದುಗರು, ಶಾರ್ಲಟ್, ನಾರ್ತ್ ಕ್ಯಾರೊಲೈನಾ

ಉದ್ದೇಶ ಒಳ್ಳೆಯದು, ಪಟ್ಟಿ ಕೆಟ್ಟದ್ದು. ಈ ನಿಯಮದ ಪಟ್ಟಿಯಲ್ಲಿ ಸಿಡಿಎಲ್ ಬೇಕಾಗುವ ವಾಹನ ಓಡಿಸುವವರು ಮಾತ್ರ ಇರಬೇಕು. ಟ್ರಕ್ಕುಗಳ ಮಟ್ಟಿಗೆ ಹೇಳುವುದಾದರೆ 26,001 ಪೌಂಡ್ ಅಥವಾ ಹೆಚ್ಚಿನ ಗರಿಷ್ಠ ಒಟ್ಟು ತೂಕಕ್ಕೆ ರೂಪಿಸಿದವು, ಮತ್ತು ಫಲಕ ಹಾಕಬೇಕಾದ ಅಪಾಯಕಾರಿ ಸರಕು ಸಾಗಿಸುವವು. ಕಚೇರಿಯವರ ಹೆಸರುಗಳು ಸೇರಿದಾಗ ಚೀಟಿ ಅವರಿಗೆ ಹೋಗಿ, ಚಾಲಕರ ಪರೀಕ್ಷೆಗಳು ಕಡಿಮೆಯಾಗುತ್ತವೆ. 14 ಚಾಲಕರಿಗೆ ವರ್ಷಕ್ಕೆ ಏಳು ಮಾದಕ ವಸ್ತು ಪರೀಕ್ಷೆ, ಎರಡು ಮದ್ಯ ಪರೀಕ್ಷೆ ಆಗಬೇಕು; ಕಚೇರಿಯ ಲೆಕ್ಕಿಗರ ಮೇಲೆ ಮಾಡಿದ್ದು ಇದಕ್ಕೆ ಸೇರುವುದಿಲ್ಲ. ಕಚೇರಿಯವರನ್ನು ಪರೀಕ್ಷಿಸಲೇಬೇಕೆಂದಿದ್ದರೆ ಪ್ರತ್ಯೇಕ ಪಟ್ಟಿ, ಪ್ರತ್ಯೇಕ ಫಾರಂ ಇರಲಿ. ಕೇಂದ್ರ ಸರ್ಕಾರದ ಫಾರಂ ಅವರಿಗೆ ಬಳಸುವಂತಿಲ್ಲ. ಪಟ್ಟಿಯನ್ನು ಇಂದೇ ಬೇರ್ಪಡಿಸಿ, ವರ್ಷ ಮುಗಿಯುವುದರೊಳಗೆ ಕೊರತೆ ತುಂಬಿಸಿಕೊಳ್ಳಿ. ಕೆಲಸ ಬಿಟ್ಟವರ ಹೆಸರು ಇನ್ನೂ ಉಳಿದಿದೆಯೇ, ಹೊಸಬರ ಹೆಸರು ಸೇರಿದೆಯೇ ಎಂದು ಪ್ರತಿ ಆಯ್ಕೆಗೆ ಮುನ್ನ ನೋಡಿ. ನಾನು ಕಂಡ ಎಡವಟ್ಟುಗಳಲ್ಲಿ ಹೆಚ್ಚಿನವು ಈ ಹಳಸಿದ ಪಟ್ಟಿಯಿಂದಲೇ ಆದವು.

ಆಡಿಟ್‌ಗೆ ಬೇಕಾದ್ದು: ಪ್ರತಿ ಚಾಲಕನ ಕೆಲಸಕ್ಕೆ ಮುಂಚಿನ ನೆಗೆಟಿವ್ ಫಲಿತಾಂಶ, ಕ್ಲಿಯರಿಂಗ್‌ಹೌಸ್ ವಿಚಾರಣೆಯ ದಾಖಲೆ, ಮಾದಕ ವಸ್ತು ಮತ್ತು ಮದ್ಯದ ಬಗ್ಗೆ ಕಂಪನಿಯ ನೀತಿಯ ಪ್ರತಿ ಪಡೆದೆನೆಂಬ ಸಹಿ, ಪ್ರತಿ ಆಯ್ಕೆಯ ಪಟ್ಟಿ, ಮೇಲ್ವಿಚಾರಕರಿಗೆ ಮದ್ಯದ ಬಗ್ಗೆ 60 ನಿಮಿಷ ಮತ್ತು ಮಾದಕ ವಸ್ತುವಿನ ಬಗ್ಗೆ 60 ನಿಮಿಷ ತರಬೇತಿ ಕೊಟ್ಟ ಪುರಾವೆ. ಪಾಸಿಟಿವ್ ಮತ್ತು ನಿರಾಕರಣೆಯ ದಾಖಲೆಗಳನ್ನು ಐದು ವರ್ಷ, ಆಯ್ಕೆ ಮತ್ತು ಸಂಗ್ರಹದ ದಾಖಲೆಗಳನ್ನು ಎರಡು ವರ್ಷ, ನೆಗೆಟಿವ್‌ಗಳನ್ನು ಒಂದು ವರ್ಷ ಬೀಗದೊಳಗಿಡಬೇಕು. ರ‍್ಯಾಂಡಮ್ ಕಾರ್ಯಕ್ರಮವೇ ಇಲ್ಲದಿದ್ದರೆ ಹೊಸ ಕಂಪನಿ ಉಳಿದೆಲ್ಲ ಸರಿಯಿದ್ದರೂ ಆಡಿಟ್‌ನಲ್ಲಿ ತಾನಾಗಿಯೇ ಅನುತ್ತೀರ್ಣವಾಗುತ್ತದೆ. ನಿಮ್ಮಲ್ಲಿ ಕಾರ್ಯಕ್ರಮ ಇದೆ, ಅಷ್ಟು ಸಮಾಧಾನ.

ನಾನು ಕಂಪನಿಯ ಮಾಲೀಕ, ಡಿಇಆರ್ ಕೂಡ ನಾನೇ. ಚಾಲಕ ರಜೆ ಹಾಕಿದಾಗ ವರ್ಷಕ್ಕೆ ಎರಡು ಮೂರು ಸಲ ಮಾತ್ರ ಟ್ರಕ್ ಓಡಿಸುತ್ತೇನೆ. ನನ್ನ ಹೆಸರೂ ಪಟ್ಟಿಯಲ್ಲಿರಬೇಕೆ?
— ಓದುಗರು, ಕೊಲಂಬಸ್, ಒಹಾಯೊ

ಇರಬೇಕು. ಎಷ್ಟು ಸಲ ಓಡಿಸುತ್ತೀರಿ ಎಂಬುದಲ್ಲ, ಓಡಿಸಲು ಸಿದ್ಧರಿದ್ದೀರಾ ಎಂಬುದೇ ಪ್ರಶ್ನೆ. ನಿಮ್ಮ ಹೆಸರು ಬಂದ ದಿನ ನೋಟಿಸಿನ ಮೇಲೆ ಸಮಯ ಬರೆದು ನಿಮ್ಮ ಕೈಗೆ ಕೊಡುವವರು ಯಾರೆಂಬುದನ್ನು ಈಗಲೇ ಗೊತ್ತುಮಾಡಿ, ಆಯ್ಕೆಯ ಪಟ್ಟಿ ನಿಮಗಿಂತ ಮೊದಲು ಅವರಿಗೆ ತಲುಪುವಂತೆ ನಿಮ್ಮ ಕನ್ಸಾರ್ಟಿಯಂಗೆ ಬರೆದು ತಿಳಿಸಿ.